ವಿಧಾನಸೌಧದ ನಿರ್ಮಾಪಕ ಕೆಂಗಲ್ ಹನುಮಂತಯ್ಯನವರು

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಶಾಲೆಗಳಲ್ಲಿ ಶೈಕ್ಷಣಿಕ ಪ್ರವಾಸವೆಂದರೆ ಬಹುಮಟ್ಟಿಗೆ ಬೆಂಗಳೂರಿನ ಪ್ರವಾಸವೇ ಆಗಿರುತ್ತದೆ. ಡಿಸೆಂಬರ್ ತಿಂಗಳು ಸಮೀಪಿಸುತ್ತಲೇ ಮಕ್ಕಳು ಹಣ ಕೂಡಿಸಲಾರಂಭಿಸುತ್ತಾರೆ. ಕೊಡಲಾರದವರ ಪಾಲನ್ನು ಯಾರಾದರೊಬ್ಬ ದಾನಿಗಳು ತಮ್ಮ ಹೆಸರು ಹೇಳಬಾರದೆಂಬ ನಿಬಂಧನೆಯೊಡನೆ ಮುಖ್ಯೋಪಾಧ್ಯಾಯರ ಕೈಯಲ್ಲಿಟ್ಟು ಹೋಗುತ್ತಾರೆ. ರಾತ್ರಿ ಊಟ ಮುಗಿಸಿ ಬಸ್ಸು ಹತ್ತಿದ ಮಕ್ಕಳು ಘಟ್ಟದ ತಿರುವುಗಳಲ್ಲಿ ಹಾಡಿ, ದಣಿದು, ಒಬ್ಬರ ಭುಜದ ಮೇಲೊಬ್ಬರು ತಲೆಯಿಟ್ಟು ನಿದ್ರಿಸಿ, ಸುಮಾರು 400 ಕಿಲೋಮೀಟರುಗಳ ದಾರಿ ಸವೆದು, ಮುಂಜಾವಿನ ಚಳಿಯಲ್ಲಿ ರಾಜಧಾನಿಯಲ್ಲಿ ಕಣ್ಣು ತೆರೆಯುತ್ತಾರೆ. ಲಾಲ್‌ಬಾಗಿನ ಬಂಡೆ, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಯಂತ್ರಗಳು, ಕಬ್ಬನ್ ಉದ್ಯಾನ, ಕೊನೆಗೆ ವಿಧಾನಸೌಧ. ಈ ಅನುಕ್ರಮ ಹಿಂದೆಮುಂದಾಗಬಹುದು. ವಿಧಾನಸೌಧವನ್ನು ನೋಡದೆ ಹಿಂದಿರುಗಿದ ಪ್ರವಾಸವನ್ನು ಮಾತ್ರ ನಾನು ಕಂಡಿಲ್ಲ.

ಅಧ್ಯಾಪಕ ವೃತ್ತಿಯಲ್ಲಿದ್ದ ವರ್ಷಗಳಲ್ಲಿ ಇಂತಹ ಹಲವು ಪ್ರವಾಸಗಳ ಹೊಣೆ ನನ್ನ ಪಾಲಿಗೆ ಬಂದಿತ್ತು. ಅವುಗಳಲ್ಲೊಂದರಲ್ಲಿ ನಡೆದ ಒಂದು ಸಣ್ಣ ಪ್ರಸಂಗವೇ ಈ ಬರಹಕ್ಕೆ ಕಾರಣ. ಸೌಧದ ಮುಂದಿನ ಬೀದಿಯ ಆಚೆ ಬದಿಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನಾನು ಕಂಬಗಳ ಎತ್ತರ, ಗೋಪುರದ ಅಳತೆ ಮೊದಲಾದುವನ್ನು ವಿವರಿಸುತ್ತಿದ್ದೆನು. ಬೈಂದೂರು ಕಡೆಯ ಬೆಸ್ತರ ಕೇರಿಯ ಒಬ್ಬ ಹುಡುಗಿ, ಇಷ್ಟು ದೊಡ್ಡ ಮನೆಯನ್ನು ಕಟ್ಟಲು ಹಣ ಕೊಟ್ಟವರು ಯಾರೆಂದು ಕೇಳಿದಳು. ಜನರ ತೆರಿಗೆಯ ಹಣವೆಂದೆನು. ಹಾಗಾದರೆ ತನ್ನ ಅಜ್ಜನೂ ಕೊಟ್ಟಿರಬೇಕಲ್ಲವೇ ಎಂದಳು. ಹೌದು, ನಿನ್ನ ಅಜ್ಜನೂ ಕೊಟ್ಟಿದ್ದಾನೆ ಎಂದು ನಾನು ಯಾವ ಅನುಮಾನವೂ ಇಲ್ಲದೆ ನುಡಿದೆನು. ಆ ಮಗುವಿನ ಮುಖ ಅರಳಿತು. ಅಂದಿನ ರಾತ್ರಿ ಬಸ್ಸು ಊರ ಕಡೆಗೆ ಹೊರಟ ಮೇಲೆ, ಕತ್ತಲೆಯಲ್ಲಿ ಇಸವಿಗಳನ್ನು ಮನಸ್ಸಿನಲ್ಲಿಯೇ ಕೂಡಿಸಿ ಕಳೆಯುತ್ತ ಕುಳಿತಿದ್ದಾಗ, ನಾನು ಹೇಳಿದ್ದು ಶುದ್ಧ ತಪ್ಪೆಂದು ತಿಳಿಯಿತು. ವಿಧಾನಸೌಧದ ಶಿಲಾನ್ಯಾಸವಾದದ್ದು 1951ರಲ್ಲಿ. ಕಟ್ಟಡ ಮುಗಿದದ್ದು 1956ರಲ್ಲಿ. ಆ ವರ್ಷಗಳಲ್ಲಿ ನಮ್ಮ ಕುಂದಾಪುರ ತಾಲ್ಲೂಕು ಮದರಾಸು ರಾಜ್ಯದಲ್ಲಿತ್ತು. ಆ ಹುಡುಗಿಯ ಅಜ್ಜನ ತೆರಿಗೆ ಮದರಾಸಿಗೆ ಹೋಗಿತ್ತು. ಬೆಂಗಳೂರಿನ ಆ ಕಲ್ಲಿನಲ್ಲಿ ಅವನದು ಒಂದು ಬಿಡಿಗಾಸೂ ಇರಲಿಲ್ಲ.

ಹಾಗಿದ್ದರೂ ಅದು ಅವಳ ಮನೆಯೂ ಆದದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ್ದು ಒಬ್ಬ ಮನುಷ್ಯನ ಜೀವನಚರಿತ್ರೆ. ಆ ಕೀರ್ತಿಶೇಷರ ಹೆಸರನ್ನು ನಮ್ಮ ವಿದ್ಯಾರ್ಥಿಗಳು ರಸ್ತೆಯ ಹೆಸರಾಗಿಯೋ ವೃತ್ತದ ಹೆಸರಾಗಿಯೋ ಕೇಳಿರುತ್ತಾರೆಯೇ ಹೊರತು ಅದಕ್ಕಿಂತ ಹೆಚ್ಚಾಗಿ ಅರಿತವರು ವಿರಳ. ಅಧ್ಯಾಪಕರಾದ ನಾವೂ ಈ ಮಾತಿಗೆ ಹೊರತಲ್ಲವೆಂಬುದಕ್ಕೆ ಮೇಲಿನ ಪ್ರಸಂಗವೇ ಸಾಕ್ಷಿ.

ಹನುಮಂತಯ್ಯನವರು 1908ರಲ್ಲಿ ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ ಒಂದು ಒಕ್ಕಲಿಗ ಕುಟುಂಬದಲ್ಲಿ ಜನಿಸಿದರು. ಆ ಕಾಲಕ್ಕೆ ರಾಮನಗರವನ್ನು ಒಬ್ಬ ಆಂಗ್ಲ ಅಧಿಕಾರಿಯ ಹೆಸರಿನಿಂದ ಕ್ಲೋಸ್‌ಪೇಟೆಯೆಂದು ಕರೆಯುತ್ತಿದ್ದರು. ಅವರ ಹೆಸರಿನ ಹಿಂದಿರುವ ಕೆಂಗಲ್ ಎಂಬುದು ರಾಮನಗರ ಚನ್ನಪಟ್ಟಣಗಳ ನಡುವೆ ಇರುವ ಆಂಜನೇಯ ಸ್ವಾಮಿಯ ಪ್ರಸಿದ್ಧ ಕ್ಷೇತ್ರ. ಬಂಡೆಗಲ್ಲುಗಳ ಸೀಮೆಯದು. ಊರಿನ ಸುತ್ತ ಎತ್ತ ನೋಡಿದರೂ ಕಲ್ಲುಬೆಟ್ಟಗಳು. ಕಲ್ಲಿನ ನಡುವೆ ಹುಟ್ಟಿ ಬೆಳೆದ ಹುಡುಗ ಮುಂದೆ ಕಲ್ಲಿನಿಂದಲೇ ಹೆಸರಾದನೆಂದು ಬರೆಯುವ ಆಸೆ ಲೇಖಕರಿಗೆ ಸಹಜವಾಗಿ ಬರುತ್ತದೆ. ಆದರೆ ಆ ಸೀಮೆಯಲ್ಲಿ ಹುಟ್ಟಿದವರೆಲ್ಲರೂ ಸೌಧ ಕಟ್ಟಲಿಲ್ಲವಾದುದರಿಂದ ಆ ಮಾತನ್ನು ಇಲ್ಲಿಗೇ ಬಿಡುವುದು ಲೇಸು.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪದವಿ ಪಡೆದು, ಪುಣೆಗೆ ಹೋಗಿ ಕಾನೂನು ವ್ಯಾಸಂಗವನ್ನು 1932ರಲ್ಲಿ ಪೂರೈಸಿ, ಅವರು ಬೆಂಗಳೂರಿನಲ್ಲಿ ವಕೀಲರಾದರು. ಸ್ವಾತಂತ್ರ್ಯ ಚಳವಳಿ ಅವರನ್ನು ನ್ಯಾಯಾಲಯದಿಂದ ಸಭಾವೇದಿಕೆಗೂ, ಅಲ್ಲಿಂದ ಅನೇಕ ಬಾರಿ ಕಾರಾಗೃಹಕ್ಕೂ ಕೊಂಡೊಯ್ದಿತು. ಒಳ್ಳೆಯ ವಾಗ್ಮಿಗಳೆಂದು ಹೆಸರಾಗಿದ್ದರು. ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ಕೆಲಸ ಮಾಡಿದ ಅನುಭವ ಅವರಿಗಿತ್ತು. ಜೊತೆಗೆ, ಕನ್ನಡದ ಹಳೆಯ ಕಾವ್ಯಗಳಲ್ಲಿ, ಅದರಲ್ಲಿಯೂ ಕುಮಾರವ್ಯಾಸನ ಭಾರತದಲ್ಲಿ, ಅವರ ಅಭಿರುಚಿ ಆಳವಾಗಿತ್ತು. ಗಮಕ ಕಲೆಯೆಂದರೆ ಅವರಿಗೆ ಪ್ರಾಣ. ಆ ಮಹಾಕಾವ್ಯವನ್ನು ಅತ್ಯಂತ ಸುಲಭ ಬೆಲೆಗೆ ಅಚ್ಚುಹಾಕಿಸಿ ಹಳ್ಳಿಯ ಜನರ ಕೈಗೂ ಮುಟ್ಟಿಸಿದ ಸರ್ಕಾರಿ ಪ್ರಕಟಣೆಯ ಹಿಂದಿನ ಪ್ರೇರಣೆ ಅವರದೇ.

ಅವರ ಮನೋಧರ್ಮವನ್ನು ತಿಳಿಯಲು ಸಂವಿಧಾನ ರಚನಾ ಸಭೆಯಲ್ಲಿ ಅವರು ಆಡಿದ ಒಂದು ಮಾತು ಸಹಾಯಕವಾಗುತ್ತದೆ. ಮೈಸೂರಿನ ಪ್ರತಿನಿಧಿಯಾಗಿ ಅವರು ಆ ಸಭೆಯಲ್ಲಿದ್ದರು. 1949ರ ನವೆಂಬರಿನಲ್ಲಿ ಸಂವಿಧಾನದ ಕರಡು ಕೊನೆಯ ಹಂತಕ್ಕೆ ಬಂದಾಗ, ತಾವು ಬಯಸಿದ್ದು ವೀಣೆಯ ನಾದವಾದರೆ ಸಿಕ್ಕಿದ್ದು ಆಂಗ್ಲರ ಬ್ಯಾಂಡಿನ ವಾದ್ಯವೆಂಬ ಅರ್ಥದಲ್ಲಿ ಅವರು ನುಡಿದರು. ಸಂವಿಧಾನದ ವಿಚಾರದಲ್ಲಿ ಆ ಟೀಕೆ ಎಷ್ಟರಮಟ್ಟಿಗೆ ನ್ಯಾಯವೆಂಬುದು ಬೇರೆ ಪ್ರಶ್ನೆ. ಅದನ್ನು ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ, ನಾನೂ ಪೂರ್ತಿಯಾಗಿ ಒಪ್ಪುವವನಲ್ಲ. ಆದರೆ ಮೂರು ವರ್ಷಗಳ ಅನಂತರ ಬೆಂಗಳೂರಿನಲ್ಲಿ ಅವರು ಮಾಡಿದ ಕೆಲಸದ ಬೀಜ ಆ ಮಾತಿನಲ್ಲಿಯೇ ಇತ್ತು.

ಅಂದಿನ ಬೆಂಗಳೂರಿನಲ್ಲಿ ಸರ್ಕಾರದ ಕಚೇರಿಗಳು ಇದ್ದದ್ದು ಈಗ ಉಚ್ಚ ನ್ಯಾಯಾಲಯವಿರುವ ಕೆಂಪು ಕಟ್ಟಡದಲ್ಲಿ. 1868ರಲ್ಲಿ ಪೂರ್ಣಗೊಂಡ ಆ ಕಟ್ಟಡಕ್ಕೆ ಹದಿನೆಂಟು ಇಲಾಖೆಗಳಿದ್ದ ಕಾರಣ ಅಠಾರಾ ಕಚೇರಿಯೆಂದು ಹೆಸರು. ಸ್ವತಂತ್ರ ಮೈಸೂರಿನ ಶಾಸಕಾಂಗಕ್ಕೆ ತನ್ನದೇ ಆದ ಸ್ಥಳ ಬೇಕೆಂದು ಮೊದಲ ಮುಖ್ಯಮಂತ್ರಿಗಳಾದ ಕೆ.ಸಿ. ರೆಡ್ಡಿಯವರ ಕಾಲದಲ್ಲಿ ನಿರ್ಣಯವಾಗಿ, 1951ರ ಜುಲೈ 13ರಂದು ಪ್ರಧಾನಿ ನೆಹರೂ ಅವರಿಂದ ಶಿಲಾನ್ಯಾಸವೂ ನೆರವೇರಿತ್ತು. ಆಗ ಉದ್ದೇಶಿಸಿದ್ದು ಒಂದು ಸರಳವಾದ ಕಟ್ಟಡ. 1952ರ ಪ್ರಥಮ ಮಹಾಚುನಾವಣೆಯಲ್ಲಿ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ 74 ಕಾಂಗ್ರೆಸ್ಸಿಗೆ ಬಂದುವು. ರಾಮನಗರ ಕ್ಷೇತ್ರದಿಂದ ಗೆದ್ದ ಹನುಮಂತಯ್ಯನವರು ಅದೇ ಮಾರ್ಚ್ 30ರಂದು ಮುಖ್ಯಮಂತ್ರಿಗಳಾದರು. ಆದ ಕೂಡಲೇ ಹಳೆಯ ನಕ್ಷೆಯನ್ನು ಬದಿಗಿರಿಸಿದರು.

ಇದರ ಹಿನ್ನೆಲೆಯಾಗಿ ಅವರೇ ಮುಂದೆ ಹೇಳಿಕೊಂಡ ಒಂದು ಸಂಗತಿಯುಂಟು. ರಷ್ಯಾ ದೇಶದಿಂದ ಬಂದ ಸಾಂಸ್ಕೃತಿಕ ನಿಯೋಗವೊಂದಕ್ಕೆ ಅವರು ಬೆಂಗಳೂರನ್ನು ತೋರಿಸುತ್ತಿದ್ದರು. ಕಂಡ ದೊಡ್ಡ ಕಟ್ಟಡಗಳೆಲ್ಲವೂ ಐರೋಪ್ಯ ಶೈಲಿಯವು. ನಿಮ್ಮದೇ ಆದ ವಾಸ್ತುಶಿಲ್ಪವೆಂಬುದು ನಿಮಗಿಲ್ಲವೇ ಎಂಬ ಅರ್ಥದ ಪ್ರಶ್ನೆಯನ್ನು ಅತಿಥಿಗಳು ಕೇಳಿದರಂತೆ. ಬೇಲೂರು, ಹಳೇಬೀಡು, ಹಂಪೆ, ಪಟ್ಟದಕಲ್ಲುಗಳನ್ನು ಕೊಟ್ಟ ನಾಡಿನ ಮುಖ್ಯಮಂತ್ರಿಗೆ ಆ ಪ್ರಶ್ನೆ ಚುಚ್ಚಿರಬೇಕು.

ಮುಖ್ಯ ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಯಂ ಅವರ ನೇತೃತ್ವದಲ್ಲಿ ಹೊಸ ನಕ್ಷೆ ಸಿದ್ಧವಾಯಿತು. ಚಾಲುಕ್ಯ, ಹೊಯ್ಸಳ, ವಿಜಯನಗರ ಶಿಲ್ಪಗಳ ಅಂಶಗಳನ್ನು ಬೆಸೆದ, 700 ಅಡಿ ಉದ್ದ 350 ಅಡಿ ಅಗಲದ ಕಟ್ಟಡ. ಮಲ್ಲಸಂದ್ರ, ಹೆಸರಘಟ್ಟಗಳ ಬೆಣಚುಕಲ್ಲು ಮೈಗೆ; ಅಲಂಕಾರಕ್ಕೆ ಮಾಗಡಿಯ ನಸುಗೆಂಪು ಕಲ್ಲು, ತುರುವೇಕೆರೆಯ ಕರಿಗಲ್ಲು. ಪೂರ್ವದ ಮುಖಮಂಟಪದಲ್ಲಿ 40 ಅಡಿ ಎತ್ತರದ 12 ಕಂಬಗಳು. ಅವುಗಳೆಡೆಗೆ ಏರುವ, 200 ಅಡಿಗೂ ಮೀರಿದ ಅಗಲದ 45 ಮೆಟ್ಟಿಲುಗಳು. ನೆತ್ತಿಯ ಮೇಲೆ 60 ಅಡಿ ವ್ಯಾಸದ ಗುಮ್ಮಟ, ಅದರ ಮೇಲೆ ನಾಲ್ಕು ಸಿಂಹಗಳ ರಾಷ್ಟ್ರಲಾಂಛನ. ಸಚಿವ ಸಂಪುಟ ಸೇರುವ ಕೊಠಡಿಗೆ ಶ್ರೀಗಂಧದ ಬಾಗಿಲು. ಸರ್ಕಾರದ ಕೆಲಸವನ್ನು ದೇವರ ಕೆಲಸಕ್ಕೆ ಸಮನಾಗಿ ಕಾಣುವ ಬರಹವೊಂದನ್ನು ಅವರು ಮುಂಭಾಗದಲ್ಲಿ ಕಲ್ಲಿನಲ್ಲಿ ಕೆತ್ತಿಸಿದರು. ಕಾಯಕದ ಮಾತನ್ನು ಕೇಳುತ್ತಲೇ ಬೆಳೆದ ಈ ಸಂಸ್ಥೆಯ ಮಕ್ಕಳಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ಓದಿಕೊಂಡು ಒಳಹೋಗುವವರಿಗೆ ಹೇಳಬೇಕಾದ ಸಂದರ್ಭಗಳು ಬಂದುಹೋಗಿವೆ.

ಇಲ್ಲಿ ಒಂದು ಸಂಗತಿಯನ್ನು ಮರೆಯಲಾಗದು. ಆ ಕಲ್ಲುಗಳನ್ನು ಹೊತ್ತವರು ಯಾರು? ಸುಮಾರು 1,500 ಮಂದಿ ಕಲ್ಲುಕುಟಿಗರು, ಗಾರೆಯವರು, ಮರಗೆತ್ತನೆಯವರು ಅಲ್ಲಿ ದುಡಿದರು. ಅವರಲ್ಲದೆ 5,000ಕ್ಕೂ ಮಿಕ್ಕಿದ ಕೂಲಿಯಾಳುಗಳಲ್ಲಿ ಹೆಚ್ಚಿನವರು ಸೆರೆಮನೆಯ ಕೈದಿಗಳು. ಕಟ್ಟಡ ಮುಗಿದ ಮೇಲೆ ಅವರಿಗೆ ಬಿಡುಗಡೆ ದೊರೆಯಿತೆಂದು ಹೇಳುತ್ತಾರೆ. ಸ್ವತಃ ಸೆರೆಮನೆಯಲ್ಲಿ ದಿನ ಕಳೆದ ಮುಖ್ಯಮಂತ್ರಿಯೊಬ್ಬರು ಕೈದಿಗಳ ಕೈಯಿಂದ ರಾಜ್ಯದ ಮಹಾಸೌಧವನ್ನು ಕಟ್ಟಿಸಿದ್ದನ್ನು ಉದಾರತೆಯೆಂದು ನೋಡಬಹುದು, ಅಗ್ಗದ ದುಡಿಮೆಯೆಂದೂ ನೋಡಬಹುದು. ಪ್ರವಾಸದಲ್ಲಿ ನಾನು ಎರಡನ್ನೂ ಹೇಳುತ್ತಿದ್ದೆನು. ಮಕ್ಕಳು ತಾವೇ ಆಲೋಚಿಸಿಕೊಳ್ಳುತ್ತಿದ್ದರು. ಹಲವರು ಕೈದಿಗಳ ಹೆಸರುಗಳನ್ನು ಎಲ್ಲಿಯಾದರೂ ಬರೆದಿದ್ದಾರೆಯೇ ಎಂದು ಕೇಳುತ್ತಿದ್ದರು.

ಖರ್ಚಿನ ವಿಚಾರವಂತೂ ಅವರ ಬೆನ್ನು ಬಿಡಲಿಲ್ಲ. ಸುಮಾರು 1.75 ಕೋಟಿ ರೂಪಾಯಿ ಈ ಸೌಧಕ್ಕೆ ಹಿಡಿಯಿತು. ಅಂದಿನ ಒಂಬತ್ತು ಹತ್ತು ಜಿಲ್ಲೆಗಳ ಮೈಸೂರು ರಾಜ್ಯಕ್ಕೆ ಅದು ಸಾಮಾನ್ಯ ಮೊತ್ತವಲ್ಲ. 99 ಜನ ಶಾಸಕರು ಕೂರಲು ಇಷ್ಟು ದೊಡ್ಡ ಅರಮನೆ ಏಕೆ, ಈ ಹಣದಲ್ಲಿ ಎಷ್ಟು ಹಳ್ಳಿಗಳಿಗೆ ಬಾವಿ ತೋಡಬಹುದಾಗಿತ್ತು, ಎಷ್ಟು ಶಾಲೆಗಳಿಗೆ ಮಾಡು ಹೊದಿಸಬಹುದಾಗಿತ್ತು ಎಂಬ ಆಕ್ಷೇಪ ಸದನದಲ್ಲಿಯೂ ಹೊರಗೂ ಕೇಳಿಬಂತು. ದುಂದುವೆಚ್ಚದ ಆರೋಪದ ಮೇಲೆ ವಿಚಾರಣಾ ಸಮಿತಿಯೂ ನೇಮಕವಾಯಿತು. ಮಳೆಗಾಲದಲ್ಲಿ ಸೋರುವ ತರಗತಿಯಲ್ಲಿ ಪಾಠ ಹೇಳಿದ ನನ್ನಂತಹ ಅಧ್ಯಾಪಕನಿಗೆ ಆ ಆಕ್ಷೇಪವನ್ನು ತಳ್ಳಿಹಾಕುವುದು ಸುಲಭವಲ್ಲ. ಆಕ್ಷೇಪಿಸಿದವರೆಲ್ಲರೂ ಹೊಟ್ಟೆಕಿಚ್ಚಿನವರೆಂದು ಬರೆಯುವ ಚರಿತ್ರೆಕಾರರ ಜೊತೆ ನಾನು ಸೇರಲಾರೆ. ಆದರೆ ಆ ಲೆಕ್ಕವನ್ನು 1956ರ ಆಗಸ್ಟಿಗೆ ನಿಲ್ಲಿಸಿ ನೋಡುವುದು ಒಂದು ಬಗೆ, ಅದೇ ವರ್ಷದ ನವೆಂಬರಿನವರೆಗೆ ಮುಂದುವರಿಸಿ ನೋಡುವುದು ಇನ್ನೊಂದು ಬಗೆ.

ಇದನ್ನು ತಿಳಿಯಲು ಬೆಂಗಳೂರಿನಿಂದ ಒಮ್ಮೆ ನಮ್ಮ ಕರಾವಳಿಗೆ ಇಳಿದು ಬರಬೇಕು. ಬಸರೂರು, ಬಾರಕೂರುಗಳ ಸೀಮೆಗೆ ರಾಜಧಾನಿಯೆಂಬುದು ಎಂದೂ ದೂರದ ವಸ್ತುವೇ. ಕೆಳದಿಯ ಅರಸರ ಕಾಲದಲ್ಲಿ ನಮ್ಮ ರಾಜಧಾನಿ ಘಟ್ಟದ ಮೇಲಿನ ಬಿದನೂರಾಗಿತ್ತು. ಭಾಷೆ ಒಂದೇ, ದಾರಿ ಕೆಲವು ದಿನಗಳ ನಡಿಗೆ. 1763ರಲ್ಲಿ ಬಿದನೂರು ಹೈದರನ ವಶವಾದ ಮೇಲೆ ಶ್ರೀರಂಗಪಟ್ಟಣ. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ನಮ್ಮ ಜಿಲ್ಲೆ ಕಂಪನಿ ಸರ್ಕಾರದ ಪಾಲಾಗಿ, ಬಂಗಾಲಕೊಲ್ಲಿಯ ದಡದ ಮದರಾಸು ನಮಗೆ ರಾಜಧಾನಿಯಾಯಿತು. ಅರಬೀ ಸಮುದ್ರದ ದಡದವರು ತಮ್ಮ ಅಹವಾಲನ್ನು ಎದುರು ಸಮುದ್ರದ ದಡಕ್ಕೆ ಕೊಂಡೊಯ್ಯಬೇಕಾಯಿತು. ಭೂಮಿಯ ವ್ಯಾಜ್ಯದ ಮೇಲ್ಮನವಿಗೆ ಮದರಾಸು. ಪ್ರೌಢಶಾಲೆಯ ಪ್ರಮಾಣಪತ್ರಕ್ಕೆ ಮದರಾಸು. 1907ರಲ್ಲಿ ಮಂಗಳೂರಿಗೆ ರೈಲು ಬಂದ ಅನಂತರವೂ, ಕುಂದಾಪುರದಿಂದ ಹೊರಟವರು ಹೊಳೆಗಳನ್ನು ದೋಣಿಯಲ್ಲಿ ದಾಟಿ ಮಂಗಳೂರು ಸೇರಿ, ಅಲ್ಲಿಂದ ಮಲಬಾರನ್ನು ಸುತ್ತಿ ಮದರಾಸು ತಲುಪಬೇಕಿತ್ತು. ತಲುಪಿದ ಮೇಲೆ ಅಲ್ಲಿನ ಶಾಸನಸಭೆಯಲ್ಲಿ ತಮಿಳು, ತೆಲುಗು, ಮಲಯಾಳಗಳ ನಡುವೆ ಕನ್ನಡಿಗರ ದನಿ ತೀರ ಸಣ್ಣದು. ನಮ್ಮ ಹಿರಿಯರಲ್ಲಿ ಶಾಲೆಯ ಪ್ರವಾಸವೆಂದು ರಾಜಧಾನಿಯನ್ನು ನೋಡಿ ಬಂದೆನೆಂದು ಹೇಳಿದವರನ್ನು ನಾನು ಕೇಳಿಲ್ಲ.

ಬೆಂಗಳೂರಿಗೂ ನಮಗೂ ಅಂದು ಸಂಬಂಧವೇ ಇರಲಿಲ್ಲವೆಂದಲ್ಲ. ರಾಜಕೀಯದ ಗಡಿ ಅಳಿಯುವ ಎಷ್ಟೋ ಮುನ್ನವೇ ನಮ್ಮವರು ಅಡುಗೆಮನೆಯ ದಾರಿಯಿಂದ ಆ ಊರನ್ನು ಸೇರಿದ್ದರು. ಕೋಟ ಸಮೀಪದ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಉಪಾಹಾರ ಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಯಿತು. ಹೊಟ್ಟೆಪಾಡಿಗಾಗಿ ಘಟ್ಟ ಹತ್ತಿದ ಎಷ್ಟೋ ಮಂದಿ ಹುಡುಗರು ಅಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದರು. ಆದರೆ ಅವರು ಅಲ್ಲಿ ಪರರಾಜ್ಯದವರು.

ಕನ್ನಡನಾಡು ಆಗ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಹಂಚಿಹೋಗಿತ್ತು. ಏಕೀಕರಣದ ಕೂಗು ಹಳೆಯದು. ಧಾರವಾಡದಲ್ಲಿ, ಬಳ್ಳಾರಿಯಲ್ಲಿ, ಮಂಗಳೂರಿನಲ್ಲಿ ಅದಕ್ಕಾಗಿ ದುಡಿದವರು ಅನೇಕರು. ಅಡ್ಡಿಯಿದ್ದದ್ದು ಹೆಚ್ಚಾಗಿ ಹಳೆಯ ಮೈಸೂರಿನೊಳಗೇ. ಮೈಸೂರಿಗೆ ವಿದ್ಯುತ್ತಿತ್ತು, ಕಾರ್ಖಾನೆಗಳಿದ್ದುವು, ವಿಶ್ವವಿದ್ಯಾನಿಲಯವಿತ್ತು. ಹೊರಗಿನ ಕನ್ನಡ ಜಿಲ್ಲೆಗಳು ಬಡವಾಗಿದ್ದುವು. ಕೂಡಿದರೆ ತಮ್ಮ ಗಳಿಕೆ ಕರಗುವುದೆಂಬ ಹೆದರಿಕೆ ಒಂದು. ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ತಿಳಿದಿದ್ದ ಇನ್ನೊಂದು ಲೆಕ್ಕ ಜಾತಿಯದು. ಹಳೆಯ ಮೈಸೂರಿನಲ್ಲಿ ಒಕ್ಕಲಿಗರ ಪ್ರಾಬಲ್ಯವಿತ್ತು. ಉತ್ತರದ ಜಿಲ್ಲೆಗಳು ಸೇರಿದರೆ ವೀರಶೈವ ಲಿಂಗಾಯತರ ಸಂಖ್ಯೆ ಮುಂದಾಗುತ್ತಿತ್ತು. ಆದುದರಿಂದ ಎರಡು ಕನ್ನಡ ರಾಜ್ಯಗಳಿರಲಿ ಎಂಬ ವಾದವೂ ಹುಟ್ಟಿತು. ಒಂದು ಲಿಂಗಾಯತ ಮಠದ ಆಶ್ರಯದಲ್ಲಿ ನಡೆಯುವ ಶಾಲೆಯ ಸಂಚಿಕೆಯಲ್ಲಿ ಈ ಮಾತನ್ನು ಮರೆಮಾಚದೆ ಬರೆಯುವುದು ಯುಕ್ತವೆಂದು ಭಾವಿಸಿದ್ದೇನೆ.

ಹನುಮಂತಯ್ಯನವರು ಸ್ವತಃ ಒಕ್ಕಲಿಗ ಸಮಾಜದವರು, ಹಳೆಯ ಮೈಸೂರಿನವರು, ಅಧಿಕಾರದ ಪೀಠದಲ್ಲಿ ಕುಳಿತಿದ್ದವರು. ಏಕೀಕರಣದಿಂದ ಕಳೆದುಕೊಳ್ಳುವವರ ಪಟ್ಟಿ ಮಾಡಿದರೆ ಅವರ ಹೆಸರು ಮೊದಲಲ್ಲಿಯೇ ಬರಬೇಕು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದ್ದು ಅವರ ಆಡಳಿತದಲ್ಲಿಯೇ. ಅದೇ ವರ್ಷದ ಕೊನೆಯಲ್ಲಿ ನೇಮಕವಾದ ಫಜಲ್ ಅಲಿ ಅವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರಿನಲ್ಲಿ ವರದಿಯಿತ್ತು, ಒಂದೇ ಕನ್ನಡ ರಾಜ್ಯವಿರಬೇಕೆಂದು ಶಿಫಾರಸು ಮಾಡಿತು. ಮೈಸೂರಿನ ಶಾಸಕಾಂಗದಲ್ಲಿ ಆ ವರದಿಯ ಮೇಲೆ ದೀರ್ಘ ಚರ್ಚೆ ನಡೆದಾಗ, ತಮ್ಮ ಬಳಗದ ಹಲವರ ಅಸಮಾಧಾನವನ್ನು ಎದುರುಹಾಕಿಕೊಂಡು ಅವರು ವಿಶಾಲ ರಾಜ್ಯದ ಪರವಾಗಿ ನಿಂತರು. ಅವರು ಆರಂಭದಿಂದಲೂ ಹಾಗೆಯೇ ಇದ್ದರೋ, ಕ್ರಮೇಣ ಆ ನಿಲುವಿಗೆ ಬಂದರೋ ಎಂಬುದನ್ನು ಕುರಿತು ಬಲ್ಲವರಲ್ಲಿ ಭಿನ್ನಾಭಿಪ್ರಾಯವಿದೆ. ರಾಜಕಾರಣದಲ್ಲಿರುವವರು ಗಾಳಿಯನ್ನೂ ನೋಡಬೇಕಾಗುತ್ತದೆ. ಆದರೆ ನಿರ್ಣಯದ ಗಳಿಗೆಯಲ್ಲಿ ಅವರು ಎತ್ತ ನಿಂತರೆಂಬುದರಲ್ಲಿ ಅನುಮಾನವಿಲ್ಲ.

ಅವರ ಆಡಳಿತದ ಇತರ ಕಾರ್ಯಗಳನ್ನು ವಿಸ್ತರಿಸಲು ಇಲ್ಲಿ ಅವಕಾಶವಿಲ್ಲ. ಇನಾಂ ರದ್ದತಿಯ ಶಾಸನ 1954ರಲ್ಲಿ ಅವರ ಕಾಲದಲ್ಲಿಯೇ ಬಂದಿತೆಂಬುದನ್ನಷ್ಟೇ ನೆನೆಯಬಹುದು. ಅವರ ಸ್ವಭಾವದಲ್ಲಿ ದರ್ಪವಿತ್ತೆಂದು ಅವರ ಅಭಿಮಾನಿಗಳೂ ಒಪ್ಪುತ್ತಾರೆ. ತಮಗೆ ಸರಿಕಂಡದ್ದನ್ನು ಮಾಡುವುದಕ್ಕೆ ಇತರರನ್ನು ಒಲಿಸಿಕೊಳ್ಳುವ ಸಹನೆ ಅವರಲ್ಲಿ ಕಡಿಮೆ. ಸೌಧದ ಖರ್ಚು, ವಿಲೀನದ ಅಸಮಾಧಾನ, ಪಕ್ಷದೊಳಗಿನ ಬಣಗಳು ಎಲ್ಲವೂ ಕೂಡಿದುವು. ಶಾಸಕರ ವಿಶ್ವಾಸವನ್ನು ಕಳೆದುಕೊಂಡು 1956ರ ಆಗಸ್ಟಿನಲ್ಲಿ ಅವರು ರಾಜೀನಾಮೆಯಿತ್ತರು. ಆ ತಿಂಗಳ 19ರಂದು, ನಮ್ಮ ಘಟ್ಟದ ಮೇಲಣ ತೀರ್ಥಹಳ್ಳಿ ಸೀಮೆಯ ಕಡಿದಾಳ್ ಮಂಜಪ್ಪನವರು ಮುಖ್ಯಮಂತ್ರಿಗಳಾದರು.

ಅದಾಗಿ ಎಪ್ಪತ್ತನಾಲ್ಕು ದಿನಗಳಿಗೆ, ನವೆಂಬರ್ 1ರಂದು, ವಿಶಾಲ ಮೈಸೂರು ರಾಜ್ಯ ಉದಯವಾಯಿತು. ದಕ್ಷಿಣ ಕನ್ನಡ ಜಿಲ್ಲೆ ಮದರಾಸಿನಿಂದ ಕಳಚಿ ಈ ರಾಜ್ಯಕ್ಕೆ ಬಂತು. ಕಾಸರಗೋಡು ಮಾತ್ರ ಬರಲಿಲ್ಲ, ಆ ಗಾಯ ಇನ್ನೂ ಮಾದಿಲ್ಲ. ಹೊಸ ರಾಜ್ಯದ ಮೊದಲ ಮುಖ್ಯಮಂತ್ರಿಗಳಾದವರು ಲಿಂಗಾಯತ ಸಮಾಜದ ಎಸ್. ನಿಜಲಿಂಗಪ್ಪನವರು. ಏಕೀಕರಣಕ್ಕಾಗಿ ಅವರು ಪಟ್ಟ ಶ್ರಮ ಸಣ್ಣದಲ್ಲ, ಆ ಗೌರವ ಅವರಿಗೆ ಸಲ್ಲತಕ್ಕದ್ದೇ ಆಗಿತ್ತು. ಆದರೂ, ಸೌಧವನ್ನು ಕಟ್ಟಿಸಿದವರು ಆ ದಿನ ಅದರ ಮುಖ್ಯ ಪೀಠದಲ್ಲಿರಲಿಲ್ಲವೆಂಬುದನ್ನು ನೆನೆದರೆ ಮನಸ್ಸಿಗೆ ಏನೋ ಒಂದು ಬಗೆಯಾಗುತ್ತದೆ.

1957ರ ಚುನಾವಣೆಯಲ್ಲಿ ಆ ಸದನಕ್ಕೆ ಆರಿಸಿಬಂದವರು 208 ಮಂದಿ. 99 ಜನಕ್ಕೆ ಇದೇಕೆ ಎಂಬ ಪ್ರಶ್ನೆಗೆ ಒಂದು ವರ್ಷದೊಳಗೆ ಸಂಖ್ಯೆಯೇ ಉತ್ತರ ಕೊಟ್ಟಿತು. ಧಾರವಾಡದವರು, ಬೀದರಿನವರು, ಕೊಡಗಿನವರು, ಕುಂದಾಪುರದವರು ತಮತಮಗೆ ಆಸನ ಹುಡುಕಿಕೊಂಡು ಒಳಬಂದರು, ಆಸನವಿತ್ತು. ಇಷ್ಟು ಜನ ಬರುವರೆಂದು ಮುಂದಾಗಿ ಎಣಿಸಿಯೇ ಹನುಮಂತಯ್ಯನವರು ಆ ಅಳತೆ ಹಾಕಿಸಿದರೆಂದು ಸಾಧಿಸಲು ನನ್ನಲ್ಲಿ ಆಧಾರವಿಲ್ಲ. ಬೆಳೆಯುವ ಸಂಸಾರಕ್ಕೆ ಮನೆ ಕಟ್ಟುವ ಯಜಮಾನನು ಎರಡು ಕೋಣೆ ಹೆಚ್ಚಾಗಿಯೇ ಇರಲಿ ಎನ್ನುವುದುಂಟು. ಅವರದೂ ಅಂತಹ ಬುದ್ಧಿಯಾಗಿದ್ದಿರಬಹುದು. ಆ ಸೌಧವೂ ಸಾಲದೆ ಪಕ್ಕದಲ್ಲಿ ವಿಕಾಸಸೌಧವೆದ್ದು 2005ರಲ್ಲಿ ಬಳಕೆಗೆ ಬಂದದ್ದೂ, 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಆರಂಭವಾದದ್ದೂ ಮುಂದಿನ ಕಥೆ.

ಅಧಿಕಾರ ಕಳೆದುಕೊಂಡ ಮೇಲೆ ಹನುಮಂತಯ್ಯನವರು ಮೂಲೆಗುಂಪಾಗಲಿಲ್ಲ. 1957ರಲ್ಲಿ ಮತ್ತೆ ರಾಮನಗರದಿಂದ ವಿಧಾನಸಭೆಗೂ, 1962, 1967, 1971ರಲ್ಲಿ ಬೆಂಗಳೂರಿನಿಂದ ಲೋಕಸಭೆಗೂ ಆಯ್ಕೆಯಾದರು. 1966ರಲ್ಲಿ ರಚಿತವಾದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷತೆ ಮುರಾರ್ಜಿ ದೇಸಾಯಿಯವರ ಅನಂತರ 1967ರಲ್ಲಿ ಅವರಿಗೆ ಬಂತು. ಆ ಆಯೋಗ ಒಟ್ಟು 20 ವರದಿಗಳನ್ನು ಕೊಟ್ಟಿತು. ಸರ್ಕಾರದ ಕೆಲಸ ಹೇಗೆ ನಡೆಯಬೇಕೆಂಬುದನ್ನು ಕಲ್ಲಿನ ಮೇಲೆ ಒಂದು ಸಾಲಿನಲ್ಲಿ ಬರೆಯಿಸಿದ್ದವರು ಅದನ್ನೇ ಸಾವಿರಾರು ಪುಟಗಳಲ್ಲಿ ಬರೆಯುವ ಹೊಣೆ ಹೊತ್ತರು. ಕಲ್ಲಿನ ಬರಹವನ್ನು ಓದಿದವರೇ ಹೆಚ್ಚು. ಕೇಂದ್ರದಲ್ಲಿ ಕಾನೂನು ಖಾತೆಯನ್ನೂ, 1971ರ ಮಾರ್ಚಿನಿಂದ 1972ರ ಜುಲೈವರೆಗೆ ರೈಲ್ವೆ ಖಾತೆಯನ್ನೂ ನಿರ್ವಹಿಸಿದರು. 1977ರ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿ ಅವರನ್ನು ಸೋಲಿಸಿದವರು ಕಾರ್ಕಳ ಕಡೆಯ ಕೌಡೂರಿನವರಾದ, ಸರ್ವೋಚ್ಚ ನ್ಯಾಯಾಲಯದ ಮಾಜಿ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರು. ಇಪ್ಪತ್ತೊಂದು ವರ್ಷಗಳ ಹಿಂದೆ ಪರರಾಜ್ಯದವರಾಗಿದ್ದ ಕರಾವಳಿಯವರೊಬ್ಬರು ರಾಜಧಾನಿಯಲ್ಲಿಯೇ ನಿಂತು ಅವರನ್ನು ಸೋಲಿಸಿದರು. ಅವರು ಕೂಡಿಸಿಕೊಂಡ ನಾಡು ನಿಜವಾಗಿಯೂ ಒಂದಾಗಿತ್ತೆಂಬುದಕ್ಕೆ ಇದಕ್ಕಿಂತ ಬಲವಾದ ಪುರಾವೆಯನ್ನು ನಾನು ಕಾಣೆ. 1980ರ ಡಿಸೆಂಬರ್ 1ರಂದು ಅವರು ನಿಧನರಾದರು. ಅದಕ್ಕೆ ಏಳು ವರ್ಷ ಮೊದಲೇ, 1973ರಲ್ಲಿ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತ್ತು.

ಊರಿಗೆ ಬಂದ ಮಾರನೆಯ ದಿನ ತರಗತಿಯಲ್ಲಿ ನಾನು ಆ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿ, ಎಲ್ಲರ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡೆನು. ನಿನ್ನ ಅಜ್ಜ ಆ ಸೌಧಕ್ಕೆ ಹಣ ಕೊಟ್ಟಿರಲಿಲ್ಲ, ಕೊಟ್ಟವರು ಬೇರೆಯವರು, ಕಟ್ಟಿ ಮುಗಿಸಿದ ವರ್ಷವೇ ಅವರು ನಿನ್ನ ಅಜ್ಜನನ್ನು ಒಳಗೆ ಕರೆದುಕೊಂಡರು ಎಂದು ತಿಳಿಸಿದೆನು. ಅವಳು ತುಸು ಹೊತ್ತು ಯೋಚಿಸಿ, ಹಾಗೆ ಕರೆದವರು ಯಾರೆಂದು ಕೇಳಿದಳು. ಅಂದಿನ ಗಣಿತದ ಅವಧಿ ಹನುಮಂತಯ್ಯನವರ ಕಥೆಯಲ್ಲಿಯೇ ಕಳೆಯಿತು.

ಮರುವರ್ಷದ ಪ್ರವಾಸದಿಂದ ನಾನು ಒಂದು ಕ್ರಮವನ್ನು ಇಟ್ಟುಕೊಂಡೆನು. ಮಕ್ಕಳು ಛಾಯಾಚಿತ್ರ ತೆಗೆಸಿಕೊಳ್ಳುವುದು ಪೂರ್ವದ ಮೆಟ್ಟಿಲುಗಳ ಎದುರಿಗೆ. ಹನುಮಂತಯ್ಯನವರ ಪ್ರತಿಮೆಯಿರುವುದು ಹಿಂಬದಿಯ ಪಶ್ಚಿಮ ದ್ವಾರದ ಕಡೆಗೆ. ಪ್ರವಾಸದ ಬಸ್ಸುಗಳು ಸಾಮಾನ್ಯವಾಗಿ ಅತ್ತ ಸುಳಿಯುವುದಿಲ್ಲ. ನಾವು ಮಾತ್ರ ಮುಂಭಾಗವನ್ನು ನೋಡಿ ಮುಗಿಸಿದ ಮೇಲೆ ಸುತ್ತು ಹಾಕಿಕೊಂಡು ಆ ಬದಿಗೂ ನಡೆದುಹೋಗುತ್ತಿದ್ದೆವು. 2025ರಿಂದ ರಜಾದಿನಗಳಲ್ಲಿ ಮಾರ್ಗದರ್ಶಕರೊಡನೆ ಸೌಧದ ಆವರಣವನ್ನು ನೋಡುವ ಏರ್ಪಾಡನ್ನು ಪ್ರವಾಸೋದ್ಯಮ ಇಲಾಖೆ ಆರಂಭಿಸಿದೆ. ನಮ್ಮ ಕಾಲದಲ್ಲಿ ಅದಿರಲಿಲ್ಲ, ಬೇಲಿಯ ಹೊರಗಿನಿಂದಲೇ ಮೆಟ್ಟಿಲುಗಳನ್ನು ಎಣಿಸುತ್ತಿದ್ದೆವು. ಎಣಿಕೆ ಎಂದೂ ಒಂದೇ ಬರುತ್ತಿರಲಿಲ್ಲ. ಒಬ್ಬನಿಗೆ ನಲವತ್ತೆರಡು, ಇನ್ನೊಬ್ಬಳಿಗೆ ನಲವತ್ತೇಳು. ಮುಂದಿನ ಡಿಸೆಂಬರಿನಲ್ಲಿ ಹೊರಡುವ ಅಧ್ಯಾಪಕರು ಮಕ್ಕಳಿಂದ ಒಳಗಿನಿಂದಲೇ ಎಣಿಸಿ ನೋಡಿಸಬಹುದು.